ಒಂದು ರಾತ್ರಿಯಲ್ಲಿ ಮುಂಬೈ

ರಾತ್ರಿ ಬೆಂಗಳೂರು ಬಿಡುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಬೆಳಗಿನ ಕಾಫಿ ಹೊತ್ತಿಗೆ ಹುಬ್ಬಳ್ಳಿಯಲ್ಲಿರುತ್ತದೆ. ಸುಮಾರು 470 ಕಿ.ಮೀ. ದಾರಿ ನಿದ್ದೆಯಲ್ಲೇ ಸವೆದು, ಮರುದಿನದ ಹಗಲು ಪೂರ್ತಿ ನಮ್ಮ ಕೈಯಲ್ಲಿ ಉಳಿಯುತ್ತದೆ. ಮುಂಬೈಗೆ ಹೋಗಲು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಆ ಹಗಲೂ ಹೋಯಿತು. ಸುಮಾರು 1150 ಕಿ.ಮೀ.ಗೆ ಹತ್ತಿರಹತ್ತಿರ ಒಂದು ದಿನ ಬೇಕು. ಅವಸರವಿದ್ದವರು ವಿಮಾನ ಹಿಡಿಯುತ್ತಾರೆ, ಅಷ್ಟು ದುಡ್ಡಿಲ್ಲದವರು ಸ್ಲೀಪರ್ ಬಸ್ಸಿನಲ್ಲಿ ಮೈ ಮುದುಡಿಕೊಂಡು ಮಲಗುತ್ತಾರೆ. ಈ ಎರಡು ನಗರಗಳ ನಡುವೆ ಸಂಜೆ ಎಂಟಕ್ಕೆ ಹೊರಟು ಬೆಳಿಗ್ಗೆ ಎಂಟೂವರೆಗೆ ಮುಟ್ಟಿಸುವ ರೈಲು ಬೇಕು. ಅದಕ್ಕೆ ಬುಲೆಟ್ ರೈಲಿನ ವೇಗ ಬೇಕಿಲ್ಲ.

ಲೆಕ್ಕ ಹಾಕಿ. ಹನ್ನೆರಡೂವರೆ ಗಂಟೆಗೆ 1150 ಕಿ.ಮೀ. ಎಂದರೆ ಗಂಟೆಗೆ ಸರಾಸರಿ 92. ಮುಂಬೈ–ದೆಹಲಿ ರಾಜಧಾನಿ 1384 ಕಿ.ಮೀ. ದಾರಿಯನ್ನು ಸುಮಾರು ಹದಿನೈದೂವರೆ ಗಂಟೆಯಲ್ಲಿ ಮುಗಿಸುತ್ತದೆ. ಅಂದರೆ ಸರಾಸರಿ 90ರ ಆಸುಪಾಸು. ನಮ್ಮ ಹಳಿಗಳ ಮೇಲೆ ಇದು ಆಗದ ಮಾತೇನಲ್ಲ.

ಮನುಷ್ಯನ ರಾತ್ರಿ ಹಿಗ್ಗುವುದಿಲ್ಲ. ಹಿಗ್ಗಬೇಕಾದ್ದು ಸರಾಸರಿ ವೇಗ. ಅದು ಇಮ್ಮಡಿಯಾದರೆ ಒಂದು ರಾತ್ರಿಯಲ್ಲಿ ಮುಟ್ಟಬಹುದಾದ ದೂರವೂ ಇಮ್ಮಡಿ. ಆದರೆ ವೃತ್ತದ ವಿಸ್ತೀರ್ಣ ತ್ರಿಜ್ಯದ ವರ್ಗದಂತೆ ಬೆಳೆಯುವುದರಿಂದ, ಆ ದೂರದೊಳಗೆ ಬರುವ ನೆಲ ನಾಲ್ಕು ಪಟ್ಟು! ಗರಿಷ್ಠ ವೇಗದ ಬೆನ್ನು ಹತ್ತುವುದು ಇದಕ್ಕಿಂತ ದುಬಾರಿ. ಗಾಳಿಯ ತಡೆಯೂ ವೇಗದ ವರ್ಗದಂತೆ ಏರುತ್ತದೆ. 160ರಲ್ಲಿ ಓಡುವ ರೈಲು 320ಕ್ಕೆ ಏರಿದರೆ ಗಾಳಿ ನಾಲ್ಕು ಪಟ್ಟು ಬಲದಿಂದ ತಡೆಯುತ್ತದೆ. ಪ್ರಯಾಣಿಕರು ಮಲಗಿರುವಾಗ ಅಷ್ಟು ವಿದ್ಯುತ್ತನ್ನು ಗಾಳಿಯೊಂದಿಗೆ ಗುದ್ದಾಡಲು ಸುರಿಯುವುದೇಕೆ?

ಸರಾಸರಿಯನ್ನು ತಿನ್ನುವುದು ನಿಲುಗಡೆಗಳು ಮತ್ತು ಘಟ್ಟ. ಪುಣೆ ದಾಟಿದ ಮೇಲೆ ಭೋರ್ ಘಾಟ್ ಬರುತ್ತದೆ. ಅಲ್ಲಿ ಪ್ರತಿ 37 ಮೀಟರಿಗೆ ಒಂದು ಮೀಟರ್ ಏರಿಳಿತ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವಾಗ ತಡೆ ತೀರಾ ಕಡಿಮೆ. ರೈಲು ಅಗ್ಗವಾಗಿ ಓಡುವುದು ಅದರಿಂದಲೇ. ಆದರೆ ಏರಿನಲ್ಲಿ ಅದೇ ಗುಣ ಕಾಡುತ್ತದೆ, ಚಕ್ರಕ್ಕೆ ಹಿಡಿತ ಸಾಲದು. ಮಾಮೂಲಿ ರೈಲಿನಲ್ಲಿ ಎಳೆಯುವ ಚಕ್ರಗಳೆಲ್ಲ ಎಂಜಿನ್ನಿನಲ್ಲೇ ಇರುವುದರಿಂದ, ಮುಂಬೈ ಕಡೆಯಿಂದ ಹತ್ತುವಾಗ ಘಟ್ಟದ ಬುಡದ ಕರ್ಜತ್‌ನಲ್ಲಿ ಹಿಂದಿನಿಂದ ನೂಕಲು ಬ್ಯಾಂಕರ್ ಎಂಜಿನ್‌ಗಳನ್ನು ಜೋಡಿಸಬೇಕು. ವಂದೇ ಭಾರತ್ ಮಾದರಿಯಲ್ಲಿ ಅರ್ಧದಷ್ಟು ಅಚ್ಚುಗಳಿಗೆ ಮೋಟಾರು ಇದೆ. 2023ರಲ್ಲಿ ಶುರುವಾದ ಮುಂಬೈ–ಸೊಲ್ಲಾಪುರ ವಂದೇ ಭಾರತ್ ಬ್ಯಾಂಕರ್ ಇಲ್ಲದೆಯೇ ಈ ಘಟ್ಟ ಹತ್ತುತ್ತದೆ. ಇದರ ಸ್ಲೀಪರ್ ರೂಪದ ಮೊದಲ ರೈಲು ತಯಾರಾದದ್ದು ಬೆಂಗಳೂರಿನ ಬಿಇಎಂಎಲ್‌ನಲ್ಲಿ.

ಓಡುವ ರೈಲಿನಲ್ಲಿ ನಿದ್ದೆ ಬರುತ್ತದೆಯೇ? ಜಿನೀವಾದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 18 ಮಂದಿಯನ್ನು ರಾತ್ರಿಯಿಡೀ ಮೆಲ್ಲಗೆ ತೂಗುವ ಮಂಚದಲ್ಲಿ ಮಲಗಿಸಿದ್ದರು. ಅವರಿಗೆ ಬೇಗ ನಿದ್ದೆ ಹತ್ತಿತು, ಗಾಢ ನಿದ್ದೆಯ ಹೊತ್ತೂ ಹೆಚ್ಚಿತು. ಆ ತೂಗಾಟ ನಾಲ್ಕು ಸೆಕೆಂಡಿಗೆ ಒಂದು ಸಲ ಮಾತ್ರ. ರೈಲಿನ ನಡುಕ ಅದಕ್ಕಿಂತ ಎಷ್ಟೋ ಚುರುಕು. ಮೇಲೆಕೆಳಗೆ ಸೆಕೆಂಡಿಗೆ ನಾಲ್ಕರಿಂದ ಎಂಟು ಸಲ ಅದುರಿದರೆ ನಮ್ಮ ದೇಹಕ್ಕೆ ಅದು ಅತಿ ಹೆಚ್ಚು ತಾಗುತ್ತದೆ. ಗಾಳಿ ತುಂಬಿದ ಸ್ಪ್ರಿಂಗು, ಬೆಸೆದ ಉದ್ದ ಹಳಿ, ಜಗ್ಗಾಟವಿಲ್ಲದ ಜೋಡಣೆ ಇವೆಲ್ಲ ಬೇಕಾಗುವುದು ಅದಕ್ಕೇ. ಬರ್ತ್ ಆರಿಸಿಕೊಳ್ಳುವ ಅವಕಾಶವಿದ್ದರೆ ಬೋಗಿಯ ನಡುಭಾಗ ಹಿಡಿಯಿರಿ, ಚಕ್ರಗಳಿರುವುದು ಎರಡು ತುದಿಗಳಲ್ಲಿ.

ಖರ್ಚಿನ ಪ್ರಶ್ನೆ ನಿಜವಾದದ್ದು. 16 ಬೋಗಿಗಳ ವಂದೇ ಭಾರತ್‌ನಲ್ಲಿ ಕೂರಲು 1128 ಜನಕ್ಕೆ ಜಾಗವಿದ್ದರೆ, ಮಲಗಲು 823 ಜನಕ್ಕಷ್ಟೇ. ಯುರೋಪಿನಲ್ಲೂ ಇದೇ ಕಷ್ಟ. ಜರ್ಮನಿಯ ರೈಲ್ವೆ 2016ರಲ್ಲಿ ಕೈಬಿಟ್ಟ ರಾತ್ರಿ ರೈಲುಗಳಲ್ಲಿ ಹಲವನ್ನು ಆಸ್ಟ್ರಿಯಾದ ರೈಲ್ವೆ ವಹಿಸಿಕೊಂಡು ‘ನೈಟ್‌ಜೆಟ್’ ಹೆಸರಲ್ಲಿ ಬೆಳೆಸಿತು. ಆದರೂ ಫ್ರಾನ್ಸಿನ ಸಹಾಯಧನ ನಿಂತಾಗ ಅದರ ಪ್ಯಾರಿಸ್–ಬರ್ಲಿನ್ ರೈಲು 2025ರ ಡಿಸೆಂಬರ್‌ನಲ್ಲಿ ನಿಂತಿತು. ಬೆಂಗಳೂರು–ಮುಂಬೈ ನಡುವೆ ಜನರಿಗಂತೂ ಬರವಿಲ್ಲ. ಟಿಕೆಟ್ ಸಿಗದೆ ಬಸ್ಸು ಹತ್ತುವವರೇ ಸಾಕ್ಷಿ. ಉದ್ಯಾನ್ ಈಗಿನಂತೆಯೇ ನಿಂತು ನಿಂತು ಓಡಲಿ. ರಾಯಚೂರು, ಯಾದಗಿರಿಯವರಿಗೆ ಅದು ಬೇಕು. ಅದರ ಜೊತೆಗೆ ಕಲಬುರಗಿ, ಸೊಲ್ಲಾಪುರ, ಪುಣೆಯಂಥ ನಾಲ್ಕೈದು ಕಡೆ ಮಾತ್ರ ನಿಲ್ಲುವ ಇನ್ನೊಂದು ರೈಲು ಬರಲಿ. ದಾರಿಯಲ್ಲಿ ಗೂಡ್ಸ್ ಗಾಡಿಗಳು ಅದಕ್ಕೆ ಪಕ್ಕ ಸರಿದು ಹಳಿ ಬಿಟ್ಟುಕೊಡುವಂತೆ ವೇಳಾಪಟ್ಟಿ ಬರೆಯಲಿ.