ಕರೆಂಟ್ ಕಮ್ಮಿ ಅಂದರೆ ಕಮ್ಮಿ ಆಗಿದ್ದು ಯಾವುದು?

ಗೀಸರ್ ಹಾಕಿದ ಹತ್ತು ನಿಮಿಷಕ್ಕೆ ಬಚ್ಚಲುಮನೆ ಬಾಗಿಲ ಹತ್ತಿರ ಏನೋ ಸುಟ್ಟ ವಾಸನೆ ಬರುತ್ತದೆ ಅಂತ ಒಬ್ಬ ರಿಟೈರ್ಡ್ ಮೇಷ್ಟ್ರು ಕರೆದಿದ್ದರು. ಹಳೇ ಮನೆ. ನಾನು ಹೋಗುವಷ್ಟರಲ್ಲೇ ಎಲಿಮೆಂಟ್ (ನೀರು ಕಾಯಿಸುವ ಸುರುಳಿ) ಒಂದು ಸಲ, ಪ್ಲಗ್ ಎರಡು ಸಲ ಬದಲಾಗಿತ್ತು. "ಎಂಸಿಬಿ ಟ್ರಿಪ್ ಆಗಲ್ವಲ್ಲಪ್ಪಾ, ಅಂದಮೇಲೆ ಲೋಡ್ ಜಾಸ್ತಿ ಇಲ್ಲ ತಾನೇ?" ಅಂದರು. (ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿ ಹರಿದರೆ ತಾನೇ ಆಫ್ ಆಗುವ ಸ್ವಿಚ್.) ಒಳ್ಳೇ ಪ್ರಶ್ನೆ. ಲೋಡ್ ಜಾಸ್ತಿ ಇರಲಿಲ್ಲ, ಇರಬೇಕಾದ್ದಕ್ಕಿಂತ ಕಮ್ಮಿಯೇ ಇತ್ತು.

ಮೊದಲು ಮೇನ್ ಆಫ್ ಮಾಡಿ, ಪ್ಲಗ್ ಕಿತ್ತು, ಮೀಟರನ್ನು ಓಮ್‌ಗೆ ತಿರುಗಿಸಿ ಎಲಿಮೆಂಟ್ ನೋಡಿದೆ. 26.5 ಓಮ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆಯ ಅಳತೆ. (ಲೈನ್ ಚಾಲೂ ಇರುವಾಗ ಓಮ್ ರೇಂಜಿನಲ್ಲಿ ಪ್ರೋಬ್ ಇಡಲೇಬಾರದು. ಮೀಟರ್ ಹೋದರೆ ಹೋಗಲಿ, ಕೈ ಮುಖ್ಯ.) ಗೀಸರ್ ಮೇಲೆ 230 ವೋಲ್ಟ್, 2000 ವ್ಯಾಟ್ ಅಂತ ಬರೆದಿತ್ತು. 2000ವನ್ನು 230ರಿಂದ ಭಾಗಿಸಿದರೆ 8.7 ಆಂಪ್ (ಹರಿಯುವ ಕರೆಂಟಿನ ಅಳತೆ). 230ನ್ನು ಆ 8.7ರಿಂದ ಭಾಗಿಸಿದರೆ 26.4 ಓಮ್. ತಾಳೆ ಆಯಿತು. ಎಲಿಮೆಂಟ್ ಪಾಪ, ಅದರ ತಪ್ಪೇನೂ ಇಲ್ಲ.

ಲೆಕ್ಕ ಇಷ್ಟೇ. ವೋಲ್ಟನ್ನು ಆಂಪ್‌ನಿಂದ ಭಾಗಿಸಿದರೆ ರೆಸಿಸ್ಟೆನ್ಸ್ (ಅದೇ ಓಮ್), ಎರಡನ್ನೂ ಗುಣಿಸಿದರೆ ವ್ಯಾಟ್. ಇದರಲ್ಲಿ ಭಾಗಾಕಾರದ ನಿಯಮವನ್ನು ಜರ್ಮನಿಯ ಓಮ್ ಅನ್ನುವ ವಿಜ್ಞಾನಿ 1827ರಲ್ಲೇ ಪುಸ್ತಕ ಮಾಡಿ ಅಚ್ಚು ಹಾಕಿಸಿದ್ದ, ನಾವೂ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೇವೆ. ಎಡವುವುದು ಬೇರೆ ಕಡೆ. ಯಾವ ಜಾಗದ ವೋಲ್ಟ್, ಯಾವ ಹೊತ್ತಿನ ವೋಲ್ಟ್ ಅಂತ ಯಾರೂ ಕೇಳಿಕೊಳ್ಳುವುದಿಲ್ಲ. 230 ಅನ್ನೋದು ಡಬ್ಬದ ಮೇಲಿನ ನಂಬರು, ಗೋಡೆಯಲ್ಲಿ ಬರುವುದು ಅದೇ ಅಂತೇನೂ ಇಲ್ಲ.

ಗೀಸರ್ ಆನ್ ಮಾಡಿಸಿ, ಓಡುತ್ತಿರುವಾಗಲೇ ಅಳೆದೆ. ವೈರಿನ ಸುತ್ತ ಹಿಡಿದು ಆಂಪ್ ಅಳೆಯುವ ಕ್ಲ್ಯಾಂಪ್ ಮೀಟರಿನಲ್ಲಿ 8 ಆಂಪ್. ಕ್ಲ್ಯಾಂಪನ್ನು ಒಂದೇ ವೈರಿಗೆ ಹಾಕಬೇಕು, ಫೇಸ್ (ಕರೆಂಟ್ ಬರುವ ವೈರು), ನ್ಯೂಟ್ರಲ್ (ವಾಪಸ್ ಹೋಗುವ ವೈರು) ಎರಡನ್ನೂ ಒಟ್ಟಿಗೆ ಹಿಡಿದರೆ ಸೊನ್ನೆ ತೋರಿಸುತ್ತದೆ, ನಮ್ಮ ಹುಡುಗರು ಈಗಲೂ ಇದರಲ್ಲಿ ಮೋಸ ಹೋಗುತ್ತಾರೆ. ಡಿಬಿಯಲ್ಲಿ (ಮನೆಯ ಎಂಸಿಬಿಗಳಿರುವ ಡಬ್ಬ) 222 ವೋಲ್ಟ್. ಸಾಕೆಟ್ಟಿನಲ್ಲಿ 212. ಗೀಸರ್ ಆಫ್ ಮಾಡಿದ ಕೂಡಲೇ ಎರಡೂ ಕಡೆ 224! ಹಿಂದೆ ಬಂದವರು ಲೋಡ್ ಇಲ್ಲದೆ ಅಳೆದು "ವೋಲ್ಟೇಜ್ ಸರಿಯಾಗೇ ಇದೆ" ಅಂದಿದ್ದು ಇದಕ್ಕೇ. ಆಂಪ್ ಹರಿಯದಿದ್ದರೆ ಡ್ರಾಪ್ (ದಾರಿಯಲ್ಲಿ ವೋಲ್ಟ್ ಬೀಳುವುದು) ಎಲ್ಲಿಂದ ಬರಬೇಕು?

ಡಿಬಿಯಿಂದ ಸಾಕೆಟ್ಟಿಗೆ ಬರುವಷ್ಟರಲ್ಲಿ 10 ವೋಲ್ಟ್ ಕಾಣೆ. ಅದೇ ದಾರಿಯಲ್ಲಿ ಹರಿಯುವುದು 8 ಆಂಪ್. ಗುಣಿಸಿದರೆ 80 ವ್ಯಾಟ್. ಅದು ನೀರಿಗೆ ಹೋಗಿಲ್ಲ, ಗೋಡೆಯೊಳಗೆ ಬಿಸಿಯಾಗಿ ಕೂತಿದೆ. ಎಲ್ಲಾ ವೈರಿನದ್ದೇ ಇರಬಹುದಾ? 2.5 ಸ್ಕ್ವೇರ್ ಎಂಎಂ ತಾಮ್ರದ ವೈರು ಕಿಲೋಮೀಟರಿಗೆ ಸುಮಾರು ಏಳೂವರೆ ಓಮ್. ಹೋಗಲು 15 ಮೀಟರ್, ಬರಲು 15, ಒಟ್ಟು 30 ಮೀಟರಿಗೆ 0.22 ಓಮ್ ಆಯಿತು. 8 ಆಂಪ್‌ಗೆ 2 ವೋಲ್ಟ್ ಕೂಡ ಬೀಳುವುದಿಲ್ಲ. ಉಳಿದ 8 ವೋಲ್ಟ್ ಎಲ್ಲೋ ಒಂದೇ ಜಾಗದಲ್ಲಿ ಬೀಳುತ್ತಿದೆ. 8ನ್ನು 8ರಿಂದ ಭಾಗಿಸಿದರೆ ಬರೀ 1 ಓಮ್. ಆದರೆ ಗುಣಿಸಿದರೆ 64 ವ್ಯಾಟ್. 25 ವ್ಯಾಟಿನ ಸಾಲ್ಡರಿಂಗ್ ಐರನ್ ಎರಡನ್ನು ಮುಷ್ಟಿಯಷ್ಟಗಲದ ಡಬ್ಬದೊಳಗೆ ಹಾಕಿ ಮುಚ್ಚಳ ಮುಚ್ಚಿದ ಹಾಗೆ, ಅದಕ್ಕಿಂತ ಸ್ವಲ್ಪ ಜಾಸ್ತಿಯೇ. ಎಂಸಿಬಿಗೆ ಇದು ಗೊತ್ತಾಗುವ ದಾರಿಯೇ ಇಲ್ಲ, ಅದು ನೋಡುವುದು ಆಂಪ್ ಮಾತ್ರ. ಹೋದ ಆಂಪಿಗೂ ವಾಪಸ್ ಬಂದ ಆಂಪಿಗೂ ವ್ಯತ್ಯಾಸವಾದರೆ ಟ್ರಿಪ್ ಆಗುವ ಆರ್‌ಸಿಸಿಬಿ ಇದ್ದರೂ ಅಷ್ಟೇ, ಹೋದ ಆಂಪ್ ಪೂರ್ತಿ ವಾಪಸ್ ಬರುತ್ತಿದೆಯಲ್ಲ.

ಮೀಟರಿಗೆ ಉದ್ದ ವೈರು ಸೇರಿಸಿಕೊಂಡು ಡಿಬಿಯ ನ್ಯೂಟ್ರಲ್‌ನಿಂದ ಸಾಕೆಟ್ಟಿನ ನ್ಯೂಟ್ರಲ್‌ಗೆ ನೋಡಿದರೆ 9 ವೋಲ್ಟ್. ಫೇಸ್‌ನಿಂದ ಫೇಸ್‌ಗೆ 1. (ಚಾಲೂ ಲೈನಿನಲ್ಲಿ ಮಾಡುವ ಕೆಲಸ ಇದು, ಅಭ್ಯಾಸ ಇಲ್ಲದವರು ಕೈ ಹಾಕಬೇಡಿ.) ಬಾಗಿಲ ಮೇಲಿನ ಜಂಕ್ಷನ್ ಬಾಕ್ಸ್ ಬಿಚ್ಚಿದರೆ ಸುಮ್ನೆ ತಿರುಚಿ ಟೇಪ್ ಸುತ್ತಿದ ನ್ಯೂಟ್ರಲ್ ಜಾಯಿಂಟು, ಟೇಪು ಕರಗಿ ಡಾಂಬರಿನ ಹಾಗಾಗಿತ್ತು. ಸುಟ್ಟ ತುದಿ ಕತ್ತರಿಸಿ ಕನೆಕ್ಟರ್ ಹಾಕಿದೆ. ಸಾಕೆಟ್ಟಿನಲ್ಲಿ 220 ವೋಲ್ಟ್, 8.3 ಆಂಪ್ ಬಂತು. ಮೊದಲು 1696 ವ್ಯಾಟ್ ಇದ್ದದ್ದು ಈಗ 1826. ಮೇಷ್ಟ್ರು ಕ್ಯಾಲೆಂಡರಿನ ಮೂಲೆಯಲ್ಲಿ ಭಾಗಾಕಾರ ಮಾಡಿ, "ಆಗಲೂ 26.5, ಈಗಲೂ 26.5, ಹಂಗಾದ್ರೆ ಎಲಿಮೆಂಟಿನ ದುಡ್ಡು ದಂಡ ಅಲ್ವಾ?" ಅಂದರು. ಹೌದು ಅನ್ನದೆ ಬೇರೆ ದಾರಿ ಇರಲಿಲ್ಲ.

ಈ 26.5 ಹೀಗೆ ಅಲ್ಲಾಡದೆ ನಿಲ್ಲುವುದು ಗೀಸರ್, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ಇಂಥವುಗಳಲ್ಲಿ ಮಾತ್ರ. ಹಳೇ 100 ವ್ಯಾಟ್ ಬಲ್ಬ್ ಉರಿಯುವಾಗ 529 ಓಮ್, ತಣ್ಣಗಿರುವಾಗ ಅಳೆದರೆ 40ರ ಆಸುಪಾಸು. ತಣ್ಣಗಿರುವಾಗ ಓಮ್ ಕಮ್ಮಿ, ಅದಕ್ಕೆ ಆಂಪ್ ಒಮ್ಮೆಲೇ ಜಾಸ್ತಿ ನುಗ್ಗುತ್ತದೆ. ಬಲ್ಬು ಹೆಚ್ಚಾಗಿ ಸ್ವಿಚ್ ಹಾಕಿದ ಕ್ಷಣದಲ್ಲೇ ಹೋಗುವುದು ಇದಕ್ಕೇ.

ಮೋಟಾರಿನ ಕಥೆಯಂತೂ ಪೂರ್ತಿ ಬೇರೆ. 5 ಎಚ್‌ಪಿ ಪಂಪ್‌ಸೆಟ್ ತ್ರೀ ಫೇಸ್‌ನಲ್ಲಿ, 415 ವೋಲ್ಟಿಗೆ, ಸುಮಾರು ಏಳೂವರೆ ಆಂಪ್ ಎಳೆಯುತ್ತದೆ. ಭಾಗಿಸಿದರೆ ಬರುವ ಸಂಖ್ಯೆಗೂ ಕಾಯಿಲಿನ ಓಮ್‌ಗೂ ಸಂಬಂಧವೇ ಇಲ್ಲ, ತಿರುಗುವ ಮೋಟಾರ್ ಒಳಗಿಂದಲೇ ಎದುರು ವೋಲ್ಟೇಜ್ ಹುಟ್ಟಿಸುತ್ತದೆ. ವ್ಯಾಟ್ ಬೇಕೆಂದರೆ ವೋಲ್ಟ್, ಆಂಪ್ ಗುಣಿಸಿದ್ದನ್ನು 1.732ರಿಂದಲೂ (ಮೂರು ಫೇಸಿನ ಲೆಕ್ಕ) ಪವರ್ ಫ್ಯಾಕ್ಟರಿನಿಂದಲೂ (ಎಳೆದದ್ದರಲ್ಲಿ ನಿಜವಾಗಿ ಬಳಕೆಯಾಗುವ ಪಾಲು) ಗುಣಿಸಬೇಕು.

ಇನ್ನು ನಮ್ಮ ಭಾಷೆಯ ಗೊಂದಲ ಒಂದಿದೆ. ಊರಲ್ಲಿ "ಇವತ್ತು ಕರೆಂಟ್ ಕಮ್ಮಿ ಐತೆ" ಅಂದರೆ ಕಮ್ಮಿ ಇರುವುದು ವೋಲ್ಟೇಜ್. ಗೀಸರಿಗಾದರೆ ಆಂಪೂ ಅದರ ಜೊತೆಗೇ ಇಳಿಯುತ್ತದೆ, 180 ವೋಲ್ಟಿಗೆ 1220 ವ್ಯಾಟ್ ಬಂದು ನೀರು ನಿಧಾನ ಕಾಯುತ್ತದೆ, ಅಷ್ಟೇ. ಪಂಪಿಗೆ ಹಾಗಲ್ಲ. ನೀರೆತ್ತುವ ಭಾರ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ, ಆದ್ದರಿಂದ 340 ವೋಲ್ಟಿಗೆ ಇಳಿದರೆ ಅದು 9 ಆಂಪ್ ದಾಟಿ ಎಳೆಯುತ್ತದೆ. ಕಾಯಿಲಿನ ಬಿಸಿ ಆಂಪಿನ ವರ್ಗದಂತೆ ಏರುವುದರಿಂದ ಸುಮಾರು ಒಂದೂವರೆ ಪಟ್ಟು. ರಾತ್ರಿ ಕರೆಂಟ್ ಕಮ್ಮಿ ಇದ್ದಾಗ ಓಡಿಸಿದ ಮೋಟಾರಿನ ಕಾಯಿಲ್ ಸುಟ್ಟಿದ್ದು, ಕರೆಂಟ್ ಜಾಸ್ತಿ ಎಳೆದಿದ್ದಕ್ಕೆ.