ಆಕ್ಷೇಪಿಸದೆ ಉಳಿದದ್ದಕ್ಕೆ ತೆತ್ತ ಬೆಲೆ

ಯಾವ ರಾಜ ಕಟ್ಟಿಸಿದ, ಯಾವ ಜನ ಪೂಜಿಸಿದರು ಎಂಬುದೇ ಗಡಿ ವ್ಯಾಜ್ಯವನ್ನು ತೀರ್ಮಾನಿಸುತ್ತದೆ ಎಂದು ನಂಬಿ ಬರುವ ಕಾನೂನು ವಿದ್ಯಾರ್ಥಿಗಳಿಗೆ ನಾನು ಮೊದಲು ಓದಿಸುವುದು ಥಾಯ್ಲೆಂಡ್–ಕಾಂಬೋಡಿಯ ಗಡಿಯ ಪ್ರೀಹ್ ವಿಹಾರ್ ದೇಗುಲ ಯಾರದೆಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಕೊಟ್ಟ ತೀರ್ಪನ್ನು.

ಡಾಂಗ್ರೆಕ್ ಬೆಟ್ಟಸಾಲಿನ ಅಂಚಿನಲ್ಲಿರುವ ಇದು ಖಮೇರ್ ಅರಸರ ಕಾಲದ ಶಿವಾಲಯ. ಆಗ ಕಾಂಬೋಡಿಯ ಫ್ರೆಂಚರ ಅಧೀನದಲ್ಲಿತ್ತು, ಥಾಯ್ಲೆಂಡಿನ ಹೆಸರು ಸಿಯಾಮ್ ಎಂದಿತ್ತು. 1904ರ ಫ್ರಾನ್ಸ್–ಸಿಯಾಮ್ ಒಪ್ಪಂದದಂತೆ ಅಲ್ಲಿ ಗಡಿಯೆಂದರೆ ಮಳೆನೀರು ಇಬ್ಭಾಗವಾಗಿ ಹರಿಯುವ ಏಣು. ಆ ಲೆಕ್ಕದಲ್ಲಿ ದೇಗುಲ ತನ್ನದೆಂಬುದು ಥಾಯ್ಲೆಂಡ್ ವಾದ. ಆದರೆ ನಕ್ಷೆ ಬರೆಯುವ ಕೆಲಸವನ್ನು ಸಿಯಾಮ್ ಫ್ರೆಂಚ್ ಅಧಿಕಾರಿಗಳಿಗೇ ಒಪ್ಪಿಸಿತ್ತು. 1907ರ ಅವರ ನಕ್ಷೆಯಲ್ಲಿ ದೇಗುಲ ಕಾಂಬೋಡಿಯದ ಪಾಲಾಯಿತು.

ಜಂಟಿ ಗಡಿ ಆಯೋಗ ಈ ನಕ್ಷೆಯನ್ನು ಅನುಮೋದಿಸಿರಲಿಲ್ಲ. ಮೊದಲಿಗೆ ಅದು ಯಾರನ್ನೂ ಕಟ್ಟಿಹಾಕುತ್ತಿರಲಿಲ್ಲ ಎಂದು ಹೇಗ್‌ನ ನ್ಯಾಯಾಲಯವೇ ಒಪ್ಪಿತು. ಅದಕ್ಕೆ ಬಲ ತಂದುಕೊಟ್ಟದ್ದು ಆಮೇಲಿನ ನಡವಳಿಕೆ. ನಕ್ಷೆಗಳು ಬ್ಯಾಂಕಾಕ್ ತಲುಪಿದಾಗ ಒಳಾಡಳಿತ ಸಚಿವ ರಾಜಕುಮಾರ ದಾಮ್ರೋಂಗ್ ಕೃತಜ್ಞತೆ ತಿಳಿಸಿ, ಪ್ರಾಂತಾಧಿಕಾರಿಗಳಿಗೆ ಹಂಚಲು ಇನ್ನೂ 15 ಪ್ರತಿ ಕೇಳಿದರು. 1930ರಲ್ಲಿ ಅವರು ದೇಗುಲಕ್ಕೆ ಹೋದಾಗ ಫ್ರೆಂಚ್ ಅಧಿಕಾರಿ ತನ್ನ ದೇಶದ ಧ್ವಜ ಹಾರಿಸಿ ಬರಮಾಡಿಕೊಂಡ. ರಾಜಕುಮಾರರು ಆಕ್ಷೇಪಿಸಲಿಲ್ಲ, ಊರಿಗೆ ಮರಳಿ ಆ ಅಧಿಕಾರಿಗೆ ಫೋಟೊಗಳನ್ನು ಕಳುಹಿಸಿದರು. ಪಹಣಿಯಲ್ಲಿ ಬೇರೆಯವರ ಹೆಸರಿದ್ದರೂ ದಶಕಗಟ್ಟಲೆ ತಕರಾರು ಹಾಕದ ಜಮೀನ್ದಾರನ ಸ್ಥಿತಿ ಸಿಯಾಮ್‌ಗೆ ಬಂತು. 1962ರ ಜೂನ್ 15ರಂದು 9–3ರ ಬಹುಮತದಲ್ಲಿ ದೇಗುಲ ಕಾಂಬೋಡಿಯದ್ದಾಯಿತು.

ಈ ತರ್ಕ ನನಗೆ ಪೂರ್ತಿ ಒಪ್ಪಿಗೆಯಿಲ್ಲ. 1893ರಲ್ಲಿ ಫ್ರೆಂಚ್ ಯುದ್ಧನೌಕೆಗಳು ಬ್ಯಾಂಕಾಕ್‌ವರೆಗೆ ನುಗ್ಗಿದ್ದನ್ನು ಕಂಡ ದೇಶ ಫ್ರೆಂಚ್ ಧ್ವಜದ ಮುಂದೆ ಸುಮ್ಮನಿದ್ದರೆ ಅದನ್ನು ಸಮ್ಮತಿ ಎನ್ನುವುದು ಹೇಗೆ? ಅಂಜಿಕೆಯ ಮೌನಕ್ಕೂ ಒಪ್ಪಿಗೆಯ ಮೌನಕ್ಕೂ ನ್ಯಾಯಾಲಯ ವ್ಯತ್ಯಾಸ ಮಾಡಬೇಕಿತ್ತು. ಆದರೂ 1947ರಲ್ಲಿ ಸಂಧಾನ ಆಯೋಗದ ಮುಂದೆ ಗಡಿ ತಿದ್ದುಪಡಿ ಕೇಳಲು ಅವಕಾಶವಿದ್ದಾಗಲೂ ಥಾಯ್ಲೆಂಡ್ ಈ ದೇಗುಲದ ಮಾತೆತ್ತಲಿಲ್ಲ. ಅದಕ್ಕೆ ಸಮಜಾಯಿಷಿ ಕೊಡುವುದು ಕಷ್ಟ.

1962ರ ಆದೇಶ ದೇಗುಲಕ್ಕಷ್ಟೇ ಸೀಮಿತವಾಗಿತ್ತು. ನಕ್ಷೆಯ ಗೆರೆ ತೀರ್ಪಿನ ಕಾರಣಗಳಲ್ಲಿ ಬಂತೇ ಹೊರತು ಆದೇಶದಲ್ಲಿ ಬರಲಿಲ್ಲ. ಸುತ್ತಲಿನ ನೆಲಕ್ಕಾಗಿ 2011ರಲ್ಲಿ ಸೈನಿಕರು ಸತ್ತರು. 2013ರಲ್ಲಿ ನ್ಯಾಯಾಲಯ ದೇಗುಲ ನಿಂತ ಚಾಚುಗುಡ್ಡವೆಲ್ಲ ಕಾಂಬೋಡಿಯದ್ದೆಂದು ಸ್ಪಷ್ಟಪಡಿಸಿತು. ಹಳೆಯ ತೀರ್ಪಿನ ಅರ್ಥವಿವರಣೆಗೆ ಎದುರಾಳಿಯ ಹೊಸ ಸಮ್ಮತಿ ಬೇಕಿಲ್ಲವಾದ್ದರಿಂದ ಅದು ಸಾಧ್ಯವಾಯಿತು. 2025ರಲ್ಲಿ ಮತ್ತೆ ಕಾಳಗ ನಡೆದ ಗಡಿಯ ಇತರ ದೇಗುಲಗಳ ವಿಷಯದಲ್ಲಿ ಆ ದಾರಿಯಿಲ್ಲ. ಕಾಂಬೋಡಿಯ ಹೇಗ್‌ಗೆ ಹೋಗಬಯಸಿದರೂ ಥಾಯ್ಲೆಂಡ್ ಒಪ್ಪದೆ ವಿಚಾರಣೆ ಆರಂಭವಾಗದು.