ಕಿಂಡಿಯಲ್ಲಿ ನುಸುಳಿದರೆ ಸಾಲದು: ಕೋಶದೊಳಗೆ ಹೋಗುವ ಪೆಪ್ಟೈಡ್‌ಗಳು

ಹೋದ ತಿಂಗಳು ದಾವಣಗೆರೆಯಲ್ಲಿ ನಮ್ಮ ಎಂ.ಎಸ್ಸಿ. ಕ್ಲಾಸಿನಲ್ಲಿ ಸೆಮಿನಾರ್ ಕೊಟ್ಟೆ. ವಿಷಯ, ಜೀವಕೋಶದೊಳಗೆ ತಾವಾಗಿಯೇ ನುಸುಳುವ ಪೆಪ್ಟೈಡ್‌ಗಳು. ಪೆಪ್ಟೈಡ್ ಅಂದರೆ ಅಮೈನೊ ಆಮ್ಲಗಳ ಚಿಕ್ಕ ಸರ. ಒಳಗೆ ನುಸುಳುವ ಇವನ್ನು ಸೆಲ್ ಪೆನಿಟ್ರೇಟಿಂಗ್ ಪೆಪ್ಟೈಡ್, ಚಿಕ್ಕದಾಗಿ ಸಿಪಿಪಿ ಅನ್ನುತ್ತಾರೆ. ಹೊಳೆಯುವ ಬಣ್ಣ ಕಟ್ಟಿದ ಪೆಪ್ಟೈಡ್‌ನಿಂದ ಹಸಿರಾಗಿ ಕಾಣುವ ನ್ಯೂಕ್ಲಿಯಸ್ಸಿನ ಫೋಟೋ ಹಾಕಿ, "ನೋಡಿ, ಪೆಪ್ಟೈಡ್ ನೇರ ಒಳಗೇ ಹೋಗಿದೆ" ಅಂದೆ. ಮೇಡಂ ಕೇಳಿದ್ದು ಒಂದೇ: "ಫೋಟೋ ತೆಗೆಯುವಾಗ ಕೋಶ ಬದುಕಿತ್ತೇನಪ್ಪಾ?" ನಾನು ಸುಮ್ಮನೆ ನಿಂತೆ. ಆಮೇಲೆ ಕೂತು ಓದಿಕೊಂಡು ಬರೆದದ್ದು ಇದು.

ಮೊದಲು ತೊಂದರೆ ಏನು ಅಂತ ನೋಡೋಣ. ಕೋಶದ ಪೊರೆಯ ನಡುಭಾಗ ಕೊಬ್ಬು. ಕೊಬ್ಬಿನಲ್ಲಿ ಕರಗುವ ಸಣ್ಣ ಅಣುಗಳು ಹೇಗೋ ದಾಟುತ್ತವೆ. ಬಾಯಿಂದ ತೆಗೆದುಕೊಳ್ಳುವ ಔಷಧಿಯ ಅಣುತೂಕ 500 ಡಾಲ್ಟನ್ ಮೀರದಿದ್ದರೆ ಒಳ್ಳೆಯದು ಅನ್ನುವ ನಿಯಮ ಕ್ಲಾಸಿನಲ್ಲಿ ಕೇಳಿದ್ದೀರಲ್ವಾ? ಆಂಟಿಬಾಡಿ ಒಂದೊಂದೂ ಸುಮಾರು 1,50,000 ಡಾಲ್ಟನ್. ಅದು ಹೊರಗೇ ನಿಲ್ಲಬೇಕು. ಇಂಥ ದೊಡ್ಡ ಸರಕನ್ನು ಬೆನ್ನಿಗೆ ಕಟ್ಟಿಕೊಂಡು ಒಳಗೆ ಒಯ್ಯಲಿ ಅಂತಲೇ ಸಿಪಿಪಿಯ ಆಸೆ.

1988ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಒಂದೇ ವಿಚಿತ್ರ ಕಂಡವು. ಎಚ್ಐವಿ ವೈರಸ್ಸಿನ ಟ್ಯಾಟ್ ಅನ್ನುವ ಪ್ರೋಟೀನನ್ನು ಕೋಶಗಳಿರುವ ದ್ರಾವಣಕ್ಕೆ ಹಾಕಿದರೆ ಸಾಕು, ಅದು ಒಳಗೆ ಹೋಗಿ ಕೆಲಸ ಶುರು ಮಾಡುತ್ತಿತ್ತು. ಹಣ್ಣಿನ ನೊಣದ ಆಂಟೆನಾಪೀಡಿಯ ಪ್ರೋಟೀನಿನಲ್ಲೂ ಇದೇ ಗುಣ ಸಿಕ್ಕಿತು. ಅದರಿಂದ ಕತ್ತರಿಸಿದ 16 ಅಮೈನೊ ಆಮ್ಲಗಳ ತುಂಡೇ ಪೆನೆಟ್ರಾಟಿನ್, 1994ರದ್ದು.

ಟ್ಯಾಟ್‌ನಲ್ಲಿ ಈ ಕೆಲಸಕ್ಕೆ ಬೇಕಾದ ತುಂಡು 11 ಅಕ್ಷರದ್ದು, ಒಂದೊಂದು ಅಕ್ಷರ ಒಂದೊಂದು ಅಮೈನೊ ಆಮ್ಲ. ನೋಟ್ಸಿನಲ್ಲಿ ದೊಡ್ಡದಾಗಿ ಬರೆದುಕೊಳ್ಳಿ: ವೈ, ಜಿ, ಆರ್, ಕೆ, ಕೆ, ಆರ್, ಆರ್, ಕ್ಯೂ, ಆರ್, ಆರ್, ಆರ್. ಇಲ್ಲಿ ಆರ್ ಅಂದರೆ ಆರ್ಜಿನಿನ್, ಕೆ ಅಂದರೆ ಲೈಸಿನ್. ಎರಡಕ್ಕೂ ಪ್ಲಸ್ ಚಾರ್ಜ್. ಎಣಿಸಿ, 11ರಲ್ಲಿ 8 ಪ್ಲಸ್! ಕೋಶದ ಮೈಮೇಲೆ ಹೆಪರಾನ್ ಸಲ್ಫೇಟ್‌ನಂಥ ಮೈನಸ್ ಚಾರ್ಜಿನ ಸಕ್ಕರೆ ಸರಪಳಿಗಳಿವೆ. ಅಲ್ಲಿಗೆ ಇದು ಹೋಗಿ ಅಂಟುತ್ತದೆ.

ಹಾಗಾದರೆ ಬರೀ ಲೈಸಿನ್ ಪೋಣಿಸಿದರೆ ಆಗದೇ? ಅಷ್ಟು ಚೆನ್ನಾಗಿ ಆಗುವುದಿಲ್ಲ. ಆರ್ಜಿನಿನ್ನಿನ ತುದಿಯಲ್ಲಿರುವ ಗ್ವಾನಿಡಿನಿಯಮ್ ಗುಂಪು ಪೊರೆಯಲ್ಲಿರುವ ಒಂದು ಫಾಸ್ಫೇಟನ್ನು ಎರಡು ಹೈಡ್ರೋಜನ್ ಬಂಧಗಳಿಂದ ಹಿಡಿಯುತ್ತದೆ, ಎರಡೂ ಕೈ ಚಾಚಿ ಹಿಡಿದ ಹಾಗೆ. ಅದಕ್ಕೇ ಎಂಟೊಂಬತ್ತು ಆರ್ಜಿನಿನ್ ಮಾತ್ರ ಪೋಣಿಸಿದ ಸರವೂ ಒಳ್ಳೆಯ ಸಿಪಿಪಿ. ಪರೀಕ್ಷೆಗೆ ಇದು ಮುಖ್ಯ ಅಂತ ನನಗನ್ನಿಸುತ್ತದೆ.

ಈಗ ಮೇಡಂ ಪ್ರಶ್ನೆಗೆ ಬರೋಣ. ಮೊದಲೆಲ್ಲ ಕೋಶಗಳನ್ನು ಮೆಥನಾಲ್ ಅಥವಾ ಫಾರ್ಮಾಲ್ಡಿಹೈಡ್ ಹಾಕಿ ಸಾಯಿಸಿ, ಆಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಆಗ ಪೊರೆ ಕೆಡುತ್ತದೆ. ಹೊರಗೆ ಅಂಟಿಕೊಂಡಿದ್ದ ಪೆಪ್ಟೈಡ್ ಒಳಗೆ ಹರಿದು ನ್ಯೂಕ್ಲಿಯಸ್ಸಿಗೆ ಮೆತ್ತಿಕೊಳ್ಳುತ್ತದೆ. ಡಿಎನ್ಎ ಮೈನಸ್ ಅಲ್ವಾ! 2003ರಲ್ಲಿ ಇದು ಬಯಲಾಯಿತು. ಬದುಕಿರುವ ಕೋಶಗಳನ್ನೇ ತೆಗೆದುಕೊಂಡು, ಮೈಮೇಲಿನ ಪೆಪ್ಟೈಡನ್ನು ಪ್ರೋಟೀನ್ ಕತ್ತರಿಸುವ ಕಿಣ್ವ ಟ್ರಿಪ್ಸಿನ್‌ನಿಂದ ತೊಳೆದು ನೋಡಿದರು. ಹೊಳಪು ನ್ಯೂಕ್ಲಿಯಸ್ಸಿನಲ್ಲಿ ಇರಲಿಲ್ಲ, ಸಣ್ಣ ಸಣ್ಣ ಚುಕ್ಕೆಗಳಾಗಿತ್ತು. ಆ ಚುಕ್ಕೆಗಳೇ ಎಂಡೋಸೋಮ್‌ಗಳು, ಅಂದರೆ ಕೋಶ ಹೊರಗಿನದನ್ನು ನುಂಗಿ ಕಟ್ಟಿದ ಚೀಲಗಳು. ನನ್ನ ಸ್ಲೈಡಿನ ಫೋಟೋ ಹಳೆಯ ಬಗೆಯದು.

ನಮ್ಮೂರು ಚಿತ್ರದುರ್ಗ. ಚಿಕ್ಕವರಿದ್ದಾಗ ಕೋಟೆಗೆ ಹೋದರೆ ಅಜ್ಜಿ ತಪ್ಪದೆ ಕಿಂಡಿ ತೋರಿಸುತ್ತಿದ್ದಳು. ಹೈದರಾಲಿಯ ಸೈನಿಕರು ಅದರಲ್ಲಿ ನುಸುಳಿದ್ದೇನೋ ನಿಜ, ಆದರೆ ಊರು ಸೇರಲಿಲ್ಲ. ಆಚೆ ಬದಿಯಲ್ಲಿ ಓಬವ್ವ ಒನಕೆ ಹಿಡಿದು ನಿಂತಿದ್ದಳಲ್ಲ! ಸಿಪಿಪಿಯ ಪಾಡೂ ಅದೇ. ಎಂಡೋಸೋಮ್ ಕ್ರಮೇಣ ಹುಳಿಯಾಗುತ್ತದೆ, ಕೊನೆಗೆ ಕೋಶದ ಜೀರ್ಣಚೀಲವಾದ ಲೈಸೋಸೋಮ್ ಸೇರುತ್ತದೆ. ಅಲ್ಲಿನ ಕಿಣ್ವಗಳು ಜಜ್ಜಿ ಹಾಕುತ್ತವೆ. ತಪ್ಪಿಸಿಕೊಂಡು ಸೈಟೋಸಾಲ್, ಅಂದರೆ ಕೋಶದೊಳಗಿನ ದ್ರವ, ಮುಟ್ಟುವುದು ಸ್ವಲ್ಪ ಪಾಲು ಮಾತ್ರ. ಪೆಪ್ಟೈಡ್ ತುಂಬಾ ಜಾಸ್ತಿ ಇದ್ದಾಗ ಪೊರೆಯನ್ನು ನೇರ ದಾಟುವುದೂ ಉಂಟು, ಆದರೆ ದೊಡ್ಡ ಪ್ರೋಟೀನು ಬೆನ್ನಿಗಿದ್ದರೆ ಚೀಲದ ದಾರಿಯೇ ಹೆಚ್ಚು. ಅದಕ್ಕೆ ಈಗಿನ ತಲೆಬಿಸಿಯೆಲ್ಲ ಚೀಲ ಒಡೆಯುವುದು ಹೇಗೆ ಅನ್ನುವುದರ ಮೇಲೆ. ಇನ್‌ಫ್ಲುಯೆಂಜಾ ವೈರಸ್ಸಿನ ಎಚ್ಎ2 ಪ್ರೋಟೀನಿನ ತುಂಡನ್ನು ಟ್ಯಾಟ್‌ಗೆ ಸೇರಿಸಿ ನೋಡಿದ್ದಾರೆ. ಹುಳಿ ತಾಗಿದಾಗ ಅದು ಪೊರೆಯನ್ನು ಕದಡುತ್ತದೆ.

ಸರಕು ಕಟ್ಟುವ ವಿಧಾನ ಬೇಗ ಮುಗಿಸುತ್ತೇನೆ. ಜೀನ್‌ನಲ್ಲೇ ಸಿಪಿಪಿ, ಸರಕು ಎರಡನ್ನೂ ಸೇರಿಸಿ ಒಂದೇ ಪ್ರೋಟೀನ್ ಮಾಡಬಹುದು. ಎರಡು ಗಂಧಕದ ಪರಮಾಣುಗಳ ನಡುವೆ ಡೈಸಲ್ಫೈಡ್ ಬಂಧ ಹಾಕಬಹುದು, ಸೈಟೋಸಾಲ್‌ನಲ್ಲಿರುವ ಗ್ಲುಟಥಯೋನ್ ಅನ್ನುವ ಸಣ್ಣ ಅಣು ಅದನ್ನು ಬಿಡಿಸುತ್ತದೆ. ಪೆಪ್-1 ಥರದ ಸಿಪಿಪಿಗಳನ್ನು ಸರಕಿನ ಜೊತೆ ಸುಮ್ನೆ ಬೆರೆಸಿದರೂ ಸಾಕು, ಬಂಧವೇ ಬೇಡ.

ಇನ್ನು ಆಸ್ಪತ್ರೆಯ ಮಾತು. ನೆರಿನೆಟೈಡ್ ಅನ್ನುವುದು ಪಾರ್ಶ್ವವಾಯುವಿಗೆ ಪ್ರಯೋಗಿಸಿದ 20 ಅಮೈನೊ ಆಮ್ಲಗಳ ಔಷಧಿ. ಮುಂದಿನ 11 ನಮ್ಮ ಟ್ಯಾಟ್ ತುಂಡೇ, ಹಿಂದಿನ 9 ಮೆದುಳಿನ ಕೋಶವನ್ನು ಉಳಿಸಲು. 2020ರಲ್ಲಿ ಫಲಿತಾಂಶ ಪ್ರಕಟವಾಯಿತು. 1,105 ರೋಗಿಗಳಲ್ಲಿ ಒಟ್ಟಾರೆ ಲಾಭ ಕಾಣಲಿಲ್ಲ. ಆದರೆ ರಕ್ತದ ಹೆಪ್ಪು ಕರಗಿಸುವ ಆಲ್ಟಿಪ್ಲೇಸ್ ಪಡೆಯದವರಲ್ಲಿ ಮಾತ್ರ ಲಾಭ ಇದ್ದಂತೆ ಕಂಡಿತು. ಆಲ್ಟಿಪ್ಲೇಸ್ ಪ್ಲಾಸ್ಮಿನ್ ಕಿಣ್ವವನ್ನು ಎಬ್ಬಿಸುತ್ತದೆ, ಪ್ಲಾಸ್ಮಿನ್ ಈ ಪೆಪ್ಟೈಡನ್ನೇ ತುಂಡರಿಸುತ್ತದೆ. ಆಲ್ಟಿಪ್ಲೇಸ್ ಪಡೆಯದವರನ್ನೇ ಆರಿಸಿ ಮಾಡಿದ ಮುಂದಿನ ಪ್ರಯೋಗದಲ್ಲೂ ಲಾಭ ಸಿಗಲಿಲ್ಲ, ಅದು ಬೇರೆ ಬೇಸರ.

ಪ್ಲಾಸ್ಮಿನ್ ಕತ್ತರಿಸುವುದು ಎಲ್ಲಿ ಗೊತ್ತಾ? ಟ್ರಿಪ್ಸಿನ್ ಹಾಗೆಯೇ, ಲೈಸಿನ್ ಅಥವಾ ಆರ್ಜಿನಿನ್ ಆದ ಮೇಲೆ. ಹಿಂದಿನ ಒಂಬತ್ತು ಅಕ್ಷರ ಹೀಗಿವೆ: ಕೆ, ಎಲ್, ಎಸ್, ಎಸ್, ಐ, ಇ, ಎಸ್, ಡಿ, ವಿ. ಮುಂದಿನ ಹನ್ನೊಂದರ ಜೊತೆ ಸೇರಿಸಿ ಎಷ್ಟು ಕಡೆ ಕತ್ತರಿ ಬೀಳಬಹುದು ಎಣಿಸಿ. ನನಗೆ 9 ಬಂತು.